ಲೋಟದ ಮೇಲಿನ ಚಮಚ ತೆಗೆಸಿದ ನಜ್ಮಿಯೆ ಅಬ್ಲಾ

ಬೆಳಗಿನ ಐದೂಕಾಲು. ಡಚ್ ನಾಡಿನ ಝಾಂದಾಮಿನ ಈ ಓಣಿಗೆ ಕೊಕೊ ಕಾರ್ಖಾನೆಯ ವಾಸನೆ ಆಗಲೇ ಇಳಿದಿದೆ. ಮೂರನೆಯ ಮಹಡಿಯ ಅಡುಗೆಮನೆಯಲ್ಲಿ ನಜ್ಮಿಯೆ ಅಬ್ಲಾ ಟೀ ಕೆಟಲಿನ ಉರಿ ಸಣ್ಣದು ಮಾಡಿ, ಕನ್ನಡಕ ಒರೆಸಿಕೊಂಡು ಲ್ಯಾಪ್‌ಟಾಪ್ ತೆರೆಯುತ್ತಾರೆ. ಓಣಿಗೆಲ್ಲ ಅಕ್ಕ ಅವರು. ನಮ್ಮ ತುರ್ಕಿ ಭಾಷೆಯಲ್ಲಿ ಅಬ್ಲಾ. ಅವರ ಬಗ್ಗೆ ಬರೆಯಲು ಬಂದಿರುವ ನನ್ನ ಕುರ್ಚಿಯನ್ನು ಮೇಜಿನ ಆಚೆ ಬದಿಗೆ ಎಳೆಯುತ್ತಾರೆ.

"ನೀನು ಅಲ್ಲಿ ಕೂತ್ಕೋ. ಈ ಪರದೆ ನಿನಗಲ್ಲ. ನಿನಗೆ ಟೀ, ಆಲಿವ್, ಚೀಸು. ತಿನ್ನು."

ಪರದೆಯ ಮೇಲಿರುವುದು, ಬದುಕು ಸಾಕು ಅನ್ನಿಸಿದವರು ಬರೆದ ಮಾತು. ತುರ್ಕಿಯಿಂದ ಬಂದು ಇಲ್ಲಿ ನೆಲೆಸಿದವರಿಗಾಗಿ ನಮ್ಮ ಭಾಷೆಯಲ್ಲೇ ಒಂದು ಆನ್‌ಲೈನ್ ಪಾಠಮಾಲೆ ಇದೆ. ಆರು ವಾರ, ಆರು ಪಾಠ. ಸಾಯುವ ಯೋಚನೆ ಕಾಡುವವರು ಹೆಸರು ಹೇಳದೆ, ಮನೆಯಲ್ಲೇ ಕೂತು ಓದಿ ಮಾಡುವ ಅಭ್ಯಾಸಗಳು. ಅವರು ಬರೆದು ಕಳಿಸಿದ್ದಕ್ಕೆ ಒಂದು ದಿನದೊಳಗೆ ಉತ್ತರ ಬರೆಯುವುದು ಅಬ್ಲಾ ಕೆಲಸ. ಪ್ರತಿ ಉತ್ತರವನ್ನೂ ಮನಶ್ಶಾಸ್ತ್ರಜ್ಞೆ ಎಲ್ಚಿನ್ ನೋಡಿಯೇ ಕಳಿಸುತ್ತಾರೆ. ಏಳು ಗಂಟೆಗೆ ಶಾಲೆಯ ನೆಲ ಒರೆಸಲು ಹೊರಡುವ ಮೊದಲು ನಾಲ್ಕು ಉತ್ತರ, ಸಂಜೆ ಮೂರು. ಐದು ವರ್ಷದಿಂದ ಹೀಗೇ ನಡೆದಿದೆ.

ಗಂಡ ಯಾಶಾರ್ ಬಾಗಿಲಲ್ಲಿ ನಿಂತು ನನಗೆ ದೂರು ಹೇಳುತ್ತಾರೆ. "ನೋಡಿ, ನಾನು ಹತ್ತು ಮಾತಾಡಿದ್ರೆ ಇವಳದ್ದು ಒಂದು 'ಹೂಂ'. ಆ ಪೆಟ್ಟಿಗೆಯೊಳಗಿನವರಿಗೆ ಮಾತ್ರ ಒಂದಕ್ಕೆ ಹತ್ತು."

"ನೀನೂ ಬರೆದು ಕಳಿಸು, ನೋಡೋಣ" ಎನ್ನುತ್ತಾರೆ ಅಬ್ಲಾ, ತಲೆ ಎತ್ತದೆ.

ಇವತ್ತು ಅವರಿಗೆ ನಗು ಸುಲಭವಾಗಿ ಬರುತ್ತಿಲ್ಲ. ಒಬ್ಬರಿಂದ ಎಂಟು ದಿನವಾಯಿತು, ಸುದ್ದಿಯಿಲ್ಲ. ಪಾಠಕ್ಕೆ ಸೇರಿದವರಿಗೆ ಹೆಸರಿನ ಬದಲು ಸಂಖ್ಯೆ; ಇವರನ್ನು ಹದಿನೇಳು ಎಂದು ಕರೆಯೋಣ; ನಿಜವಾದ ಸಂಖ್ಯೆ ಬೇರೆ. ವಯಸ್ಸು, ಕೆಲಸ ಯಾವುದನ್ನೂ ನಾನಿಲ್ಲಿ ಬರೆಯುತ್ತಿಲ್ಲ. ಈ ಊರಿನಲ್ಲಿ ನಾವೆಲ್ಲ ಒಬ್ಬರಿಗೊಬ್ಬರು ಗೊತ್ತು. ಒಂದು ಗುರುತು ಸಿಕ್ಕರೆ ಸಾಕು, ಮಧ್ಯಾಹ್ನದೊಳಗೆ ಸುದ್ದಿ ಮಸೀದಿಯ ಟೀ ಕೋಣೆ ತಲುಪುತ್ತದೆ. ಮುಂದಿನ ರಂಜಾನ್ ನೋಡುವ ಆಸೆಯಿಲ್ಲ ಎಂದು ಅವರು ಮೊದಲ ಪಾಠದಲ್ಲಿ ಬರೆದಿದ್ದರು. ಮೂರನೆಯ ಪಾಠದ ಪ್ರಶ್ನೆಗೆ ಉತ್ತರ ಬರೆದ ಮೇಲೆ ಸುಮ್ಮನಾಗಿದ್ದಾರೆ. ಫೋನ್ ನಂಬರು, ಮನೆವೈದ್ಯರ ವಿವರ ಎಲ್ಚಿನ್ ಬಳಿ ಮಾತ್ರ ಇರುತ್ತದೆ; ನಿಯಮದಂತೆ ಅವರು ಫೋನ್ ಮಾಡಿದರು. "ದೇವರ ದಯೆ, ಚೆನ್ನಾಗಿದ್ದೀನಿ" ಎಂದು ಹೇಳಿ ಹದಿನೇಳು ಫೋನ್ ಇಟ್ಟುಬಿಟ್ಟರು.

"ಅದನ್ನ ನಂಬಬೇಡ ಮಗಳೇ ಅಂತ ಎಲ್ಚಿನ್‌ಗೆ ಅಂದೆ" ಎನ್ನುತ್ತಾರೆ ಅಬ್ಲಾ. "ಆ ಮಾತು ನಮ್ಮ ಬಾಯಿಂದ ತಾನಾಗೇ ಬರುತ್ತೆ. ಯಾಶಾರ್ ಬೆನ್ನು ಮುರಿದು ಆಸ್ಪತ್ರೇಲಿದ್ದಾಗ ನಾನೂ ಎಲ್ಲರಿಗೂ ಅದನ್ನೇ ಹೇಳ್ತಿದ್ದೆ." ಎಲ್ಚಿನ್ ನಂಬಲಿಲ್ಲ. ಹದಿನೇಳು ಅವರ ಮನೆವೈದ್ಯರಿಗೆ ತಿಳಿಸಿದ್ದಾರೆ. ನಿನ್ನೆ ವೈದ್ಯರು ಹೋಗಿ ನೋಡಿ ಬಂದಿದ್ದಾರೆ. ಅದು ಗೊತ್ತಿದ್ದರೂ ಅಬ್ಲಾ ಕೈ ಮತ್ತೆ ಮತ್ತೆ ಅದೇ ಪುಟ ತೆರೆಯುತ್ತದೆ.

ತುರ್ಕಿಯ ಯೊಜ್ಗಾತ್ ಸೀಮೆಯ ಹಳ್ಳಿಯಿಂದ ಹತ್ತೊಂಬತ್ತರ ವಯಸ್ಸಿಗೆ ಮದುವೆಯಾಗಿ ಬಂದವರು ಅವರು. ಗಂಡ ಕಾರ್ಖಾನೆಯಲ್ಲಿ ಬಿದ್ದು ಬೆನ್ನು ಮುರಿದುಕೊಂಡಾಗ ಇಬ್ಬರು ಮಕ್ಕಳು ಚಿಕ್ಕವರು. ಕೊಕೊ ಬೀಜ ಆರಿಸುವ ಕೆಲಸಕ್ಕೆ ಸೇರಿದರು. ಗಂಡ ಆಸ್ಪತ್ರೆಯಲ್ಲಿದ್ದ ಆ ಚಳಿಗಾಲದ ಬಗ್ಗೆ ಕೇಳಲೋ ಬೇಡವೋ ಎಂದು ನಾನು ಹಿಂದೆಮುಂದೆ ನೋಡುತ್ತಿರುವಾಗ ಅವರೇ ಹೇಳುತ್ತಾರೆ: "ನನಗೂ ಸಾಕಾಗಿತ್ತು. ಬೇಕಾದ್ರೆ ಬರಿ. ಮುಚ್ಚಿಟ್ರೆ ಈ ಕೆಲಸಕ್ಕೆ ಅರ್ಥ ಏನು? ಪಕ್ಕದ ಮನೆ ಸಾದೆತ್ ದಿನಾ ಬಂದು ಕೂತಿರ್ತಿದ್ಲು. ಏನೂ ಕೇಳ್ತಿರ್ಲಿಲ್ಲ. ಬಟಾಣಿ ಸುಲೀತಿದ್ಲು."

ಐದು ವರ್ಷದ ಹಿಂದೆ ಎಲ್ಚಿನ್ ಈ ಪಾಠಗಳನ್ನು ಹಿಡಿದು ಮಸೀದಿಯ ಹೆಂಗಸರ ಕೋಣೆಗೆ ಬಂದಾಗ, ಓದಿದವರೆಲ್ಲ "ಚೆನ್ನಾಗಿದೆ, ದೇವರು ಒಳ್ಳೇದು ಮಾಡ್ಲಿ" ಎಂದು ಹೇಳಿ ತಿಂಡಿ ತಟ್ಟೆ ಕಡೆ ತಿರುಗಿದರು. ನಜ್ಮಿಯೆ ಅಬ್ಲಾ ಮಾತ್ರ ಮೊದಲ ಪುಟದ ಚಿತ್ರದ ಮೇಲೆ ಬೆರಳಿಟ್ಟರು. ನಮ್ಮವರಿಗೆ ಹತ್ತಿರವಾಗಲಿ ಎಂದು ಹಾಕಿದ್ದ ಟೀ ಲೋಟ. ಅದರ ಬಾಯಿಗೆ ಅಡ್ಡವಾಗಿ ಅಂದವಾದ ಚಮಚ.

"ಇದನ್ನ ತೆಗಿ ಮಗಳೇ."

"ಯಾಕೆ ಅಬ್ಲಾ? ಚೆನ್ನಾಗಿಲ್ವಾ?"

"ಚಮಚ ಅಡ್ಡ ಇಟ್ರೆ ನನಗೆ ಸಾಕು, ಇನ್ನು ಹಾಕಬೇಡಿ ಅಂತ ಅಲ್ವಾ? ಸಾಯ್ಬೇಕು ಅಂತ ಬಂದವರಿಗೆ ಬಾಗಿಲಲ್ಲೇ ಇದನ್ನ ತೋರಿಸ್ತೀಯಾ?"

ಇಲ್ಲೇ ಹುಟ್ಟಿ, ಮಗ್ಗಿನಲ್ಲಿ ಕಾಫಿ ಕುಡಿದು ಬೆಳೆದ ಎಲ್ಚಿನ್‌ಗೆ ಅದು ಹೊಳೆದೇ ಇರಲಿಲ್ಲ. "ಅವತ್ತು ಎಷ್ಟು ನಾಚಿಕೆ ಆಯ್ತು ಅಂದ್ರೆ, ಅಲ್ಲೇ ಅಬ್ಲಾನ ಕೆಲಸಕ್ಕೆ ಕರೆದೆ" ಎಂದು ಎಲ್ಚಿನ್ ನನಗೆ ಹೇಳಿದರು.

ಮೂರನೆಯ ಪಾಠ ಬದಲಾಗಿದ್ದೂ ಅಬ್ಲಾ ಮಾತಿನಿಂದ. 'ನಿಮ್ಮ ಕಷ್ಟ ಹೇಳಿಕೊಳ್ಳಬಹುದಾದ ಐದು ಜನರ ಹೆಸರು ಬರೆಯಿರಿ' ಎಂದು ಅಲ್ಲಿತ್ತು. ಬಹುತೇಕ ಎಲ್ಲರೂ ಖಾಲಿ ಬಿಟ್ಟರು. ಹೇಳಿದರೆ ಮನೆಯ ಮಾನ ಹೋಗುತ್ತದೆ; ತಾಯಿಗೆ ಹೇಳಿದರೆ ಆಕೆಯ ಎದೆ ಒಡೆಯುತ್ತದೆ. ಅಬ್ಲಾ ಪ್ರಶ್ನೆಯನ್ನು ಹೀಗೆ ತಿರುಗಿಸಿದರು: 'ಏನೂ ಹೇಳದೆ ಜೊತೆಗೆ ಕೂತು ಟೀ ಕುಡಿಯಬಹುದಾದವರು ಯಾರು?' ಆಮೇಲೆ ಹೆಸರುಗಳು ಬರತೊಡಗಿದವು. ಅಣ್ಣನ ಹೆಂಡತಿ, ಬ್ರೆಡ್ಡಿನ ಅಂಗಡಿಯವನು, ಹಳೆಯ ಫೋರ್‌ಮನ್. ಐದು ವರ್ಷದಲ್ಲಿ ಇನ್ನೂರ ಹನ್ನೊಂದು ಜನ ಆ ಪಾಠ ಮುಗಿಸಿದ್ದಾರೆ.

ಹದಿನೇಳು ಅವರು ಬರೆದದ್ದು ಒಂದೇ ಹೆಸರು. ಪಗಡೆ ಜೊತೆಗಾರ. ಆ ಪಾಠದ ಕೊನೆಗೆ ಅವನ ಹತ್ತಿರ ಹೋಗಿ ಕೂರಬೇಕು ಎಂದಿದೆ. ಅಲ್ಲಿಗೇ ನಿಂತಿದೆ.

"ನಾನೇ ಹೋಗಿ ಕರ್ಕೊಂಡು ಹೋಗೋಣ ಅನ್ಸುತ್ತೆ" ಎನ್ನುತ್ತಾರೆ ಅಬ್ಲಾ. "ಆದ್ರೆ ಯಾರು ಅಂತ ಗೊತ್ತಿಲ್ಲ. ಗೊತ್ತಿದ್ರೂ ಹೋಗೋ ಹಾಗಿಲ್ಲ. ನಂಬಿ ಬರೆದಿದ್ದಾರಲ್ಲ."

ಆರೂ ನಲವತ್ತು. ಕೋಟು ಹಾಕಿಕೊಂಡು, ಲ್ಯಾಪ್‌ಟಾಪ್ ಮುಚ್ಚುವ ಮೊದಲು ಮತ್ತೊಮ್ಮೆ ನೋಡುತ್ತಾರೆ. ಆಮೇಲೆ ಕೋಟಿನಲ್ಲೇ ಕುರ್ಚಿಗೆ ಕುಸಿಯುತ್ತಾರೆ. ನನಗೆ ಭಯವಾಗುತ್ತದೆ, ಕೇಳುವ ಧೈರ್ಯವಿಲ್ಲ. ಪರದೆಯ ಮೇಲೆ ಬಂದದ್ದನ್ನು ಆ ಹೊತ್ತು ಅವರು ಓದಿ ಹೇಳಲಿಲ್ಲ. ಹದಿನೇಳು ಅವರೇ ಎಲ್ಚಿನ್ ಮೂಲಕ ಒಪ್ಪಿಗೆ ಕೊಟ್ಟ ಮೇಲೆ, ಎರಡು ವಾರ ಬಿಟ್ಟು, ನನಗೆ ಸಿಕ್ಕ ಸಾಲುಗಳು ಇವು: 'ಅಬ್ಲಾ, ನಿನ್ನೆ ಹೋಗಿ ಕೂತೆ. ಅವನು ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ನಾಲ್ಕು ಲೋಟ ಕುಡಿದೆವು. ನಾಲ್ಕನೆಯ ಪಾಠ ಕಳಿಸಿ.'

ಅವತ್ತು ಅಬ್ಲಾ ಕಣ್ಣೊರೆಸಿಕೊಂಡು ನನಗೆ ಹೇಳಿದ್ದು ಇಷ್ಟು: "ಇದ್ದಾರೆ. ನಡಿ, ಬಸ್ಸು ತಪ್ಪುತ್ತೆ."

ಬಸ್ ನಿಲ್ದಾಣದಲ್ಲಿ, ಈ ಕೆಲಸದಿಂದ ಏನು ಬಯಸುತ್ತೀರಿ ಎಂದು ಕೇಳುತ್ತೇನೆ. ಮೊದಲು ಏನೂ ಇಲ್ಲ ಎನ್ನುತ್ತಾರೆ. ಬಸ್ಸು ತಿರುವಿನಲ್ಲಿ ಕಾಣಿಸಿದಾಗ ನೆನಪಾಗುತ್ತದೆ.

"ಮೊದಲ ಪುಟದ ಚಿತ್ರ. ಈಗ ಚಮಚ ತಟ್ಟೇಲಿದೆ, ಅದು ಸರಿ. ಆದ್ರೆ ಟೀ ನೀರುನೀರಾಗಿದೆ. ನಮ್ಮ ಕಡೆ ಹೇಳೋ ಹಾಗೆ, ಮೊಲದ ರಕ್ತದಷ್ಟು ಕೆಂಪಗಿರ್ಬೇಕು. ಎಲ್ಚಿನ್‌ಗೆ ಮೂರು ಸಲ ಹೇಳಿದೀನಿ. ಈ ನೀರು ಟೀ ಕಂಡ್ರೆ ಇನ್ನೊಂದು ಲೋಟ ಯಾರು ಕೇಳ್ತಾರೆ, ಹೇಳು?"