ನೇರಳೆ ಉಗುರಿನ ಚಾಚಾ

ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ನೇರಳೆ ಬಣ್ಣದ್ದು. ಆಗಷ್ಟೇ ನೇರಳೆ ಹಣ್ಣು ತಿಂದು ಬಂದವರ ಹಾಗೆ ಕಾಣುತ್ತಿದ್ದರು. ಅದು ಬ್ಯಾಕ್ಟೀರಿಯಾ ಕಾಣಲೆಂದು ಹಚ್ಚುವ ಬಣ್ಣ. ವರ್ಷಗಟ್ಟಲೆ ಗಾಜಿನ ಪಟ್ಟಿಗಳಿಗೆ ಸವರಿ ಸವರಿ ಉಗುರಿನಲ್ಲೇ ಮನೆ ಮಾಡಿಕೊಂಡಿತ್ತು. ಊಟಕ್ಕೆ ಮುಂಚೆ ಸೋಪು ಹಚ್ಚಿ ಮೂರು ಸಲ ತಿಕ್ಕಿದರೂ ಹೋಗುತ್ತಿರಲಿಲ್ಲ. “ಇದು ನನ್ನ ಮೆಹಂದಿ ನೋಡ್ರಿ. ಈ ನೌಕರಿ ಜೋಡಿ ನಿಕಾಹ್ ಆಗ್ಯಾದ,” ಎಂದು ನಗುತ್ತಿದ್ದರು.

ಕಲಬುರಗಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಅವರ ಕೆಲಸ. ದಿನಾ ಜೇವರ್ಗಿಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಮರಳುವವರು. ಡಾಕ್ಟರರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರಿಗೂ ಅವರು ಚಾಚಾ. ನನಗೆ ಅವರ ಪರಿಚಯವಾದದ್ದು ನನ್ನ ಮಗಳ ಎದೆಯಲ್ಲಿ ತುಂಬಿದ್ದ ಕೀವಿನಿಂದ. ಅಂಥ ಪರಿಚಯ ಶತ್ರುವಿಗೂ ಬೇಡ.

ಮಗಳಿಗೆ ಆಗ ಮೂರು ವರ್ಷ. ನಾನು ನಿಂಬರ್ಗಾದ ಶಾಲೆಯಲ್ಲಿ ವಿಜ್ಞಾನದ ಟೀಚರ್. ಅವಳಿಗೆ ಕೆಮ್ಮು, ಜ್ವರ ಬಂದವು. ಜ್ವರ ಎರಡು ದಿನದಲ್ಲಿ ಇಳಿಯಿತು, ಮತ್ತೆ ಏರಿತು. ಒಂದು ಬೆಳಿಗ್ಗೆ ಅಂಗಿ ಎತ್ತಿ ನೋಡಿದರೆ ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಆಳಂದದ ಡಾಕ್ಟರು ನಮ್ಮನ್ನು ಕೂರಲೂ ಬಿಡದೆ ಕಲಬುರಗಿಗೆ ಕಳಿಸಿದರು. ಅಲ್ಲಿ ಅವಳ ಪಕ್ಕೆಗೆ ನಳಿಕೆ ಹಾಕಿ ಕೀವು ತೆಗೆದು ಲ್ಯಾಬಿಗೆ ಕೊಟ್ಟರು.

“ಇಲ್ಲಿಗೆ ಬರೂಕಿಂತ ಮೊದಲ ಯಾವುದಾರ ಆಂಟಿಬಯಾಟಿಕ್ ಕುಡಿಸೀರೇನ್ರಿ?” ಎಂದು ಡಾಕ್ಟರಮ್ಮ ಕೇಳಿದರು. ನನ್ನ ಪಕ್ಕದಲ್ಲೇ ಅತ್ತೆ ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು, “ನಮ್ಮ ಸೊಸಿ ಸೈನ್ಸ್ ಟೀಚರ್ ಅದಾಳ್ರಿ. ಡಾಕ್ಟರ್ನ ಕೇಳದ ಒಂದ್ ಗುಳಿಗಿ ಸೈತ ಕೊಡಂಗಿಲ್ಲ ಆಕಿ,” ಎಂದರು. ನಾನು, “ಇಲ್ರಿ,” ಎಂದೆ.

ಕೊಟ್ಟಿದ್ದೆ. ಮಟಕಿ ಊರಿನಲ್ಲಿರುವ ನನ್ನ ನೆಗೆಣ್ಣಿಯ ಮಗನಿಗೆ ತಂದಿದ್ದ ಸಿರಪ್ಪಿನಲ್ಲಿ ಅರ್ಧ ಬಾಟಲಿ ಉಳಿದಿತ್ತು. “ಛಲೋ ಔಷಧಿ, ಚೆಲ್ಲೂದ್ಯಾಕ?” ಎಂದು ಅವಳು ಕೊಟ್ಟಳು, ನಾನು ತಂದು ಫ್ರಿಜ್ಜಿನ ಬಾಗಿಲಲ್ಲಿ ಇಟ್ಟೆ. ಜ್ವರ ಬಂದಾಗ ಮಗಳಿಗೆ ಎರಡು ದಿನ ಕುಡಿಸಿ, ಇಳಿದ ಕೂಡಲೇ ನಿಲ್ಲಿಸಿದೆ. ಉಳಿದ ಔಷಧಿ ಬಳಸಬೇಡಿ ಎಂದು ನಮ್ಮ ಶಾಲೆಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದವಳೂ ನಾನೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಹಾಗೆ.

ಕೀವನ್ನು ತಟ್ಟೆಯಲ್ಲಿಟ್ಟು ಬ್ಯಾಕ್ಟೀರಿಯಾ ಬೆಳೆಸಿ ನೋಡಲು ಎರಡು ಮೂರು ದಿನ ಬೇಕು. ಆ ದಿನಗಳಲ್ಲಿ ಲ್ಯಾಬಿನ ಕಿಟಕಿಯೇ ನನ್ನ ಜಾಗವಾಯಿತು. ವಾರ್ಡಿನಲ್ಲಿ ಅವಳ ಉಸಿರು ಎಣಿಸುವುದು, ಹೆದರಿಕೆ ಹೆಚ್ಚಾದಾಗ ಬಂದು ಕಿಟಕಿಯಲ್ಲಿ ನಿಲ್ಲುವುದು. ಬೇರೆಯವರಾಗಿದ್ದರೆ ಬೈದು ಕಳಿಸುತ್ತಿದ್ದರು. ಚಾಚಾ ಒಳಗೆ ಕರೆದು, ಕಲಿಸಲೆಂದು ಇಟ್ಟಿದ್ದ ಹಳೆಯ ಗಾಜಿನ ಪಟ್ಟಿಯೊಂದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಜೋಡಿ ಜೋಡಿಯಾಗಿ ನೇರಳೆ ಚುಕ್ಕಿಗಳು.

“ಇವು ನಿಮ್ಮ ಮೂಗಿನ್ಯಾಗೂ ಇರ್ತಾವ, ನನ್ನ ಮೂಗಿನ್ಯಾಗೂ ಇರ್ತಾವ. ಸುಮ್ನ ಇರ್ತಾವ ಬಡವರಗತೆ. ಆದ್ರ ಕೆಲವಕ್ಕ ದಪ್ಪ ಕೌದಿ ಹೊಲಕೊಳ್ಳೋ ವಿದ್ಯಾ ಗೊತ್ತಿರ್ತದ ಬಾಯಾರ. ಕೌದಿ ಹೊದ್ದ ಹುಳ ರಕ್ತದಾಗಿನ ಸಿಪಾಯಿಗಳ ಕೈಗೆ ಸಿಗಂಗಿಲ್ಲ. ಸೀದಾ ಫುಪ್ಪುಸಕ್ಕ ಇಳೀತದ,” ಎಂದರು.

ಆ ವಿದ್ಯೆ ಇರುವುದು ಬ್ಯಾಕ್ಟೀರಿಯಾದ ಜೀನುಗಳಲ್ಲಿ. ಒಂದು ಸತ್ತರೆ ಅದರ ಜೀನುಗಳನ್ನು ಪಕ್ಕದ್ದು ಎತ್ತಿಕೊಂಡು ತನ್ನದಾಗಿಸಿಕೊಳ್ಳುತ್ತದೆ. ಕೌದಿಯ ವಿದ್ಯೆಯೂ ಹೀಗೆ ದಾಟುತ್ತದೆ, ಔಷಧಿಗೆ ಜಗ್ಗದ ವಿದ್ಯೆಯೂ ದಾಟುತ್ತದೆ. ಬಿ.ಎಸ್ಸಿ. ಪರೀಕ್ಷೆಯಲ್ಲಿ ನಾನು ಇದನ್ನೇ ಬರೆದು ಪೂರ್ತಿ ಅಂಕ ಗಿಟ್ಟಿಸಿದ್ದೆ. ಆ ಅಂಕಕ್ಕೆ ಬೆಂಕಿ ಹಚ್ಚಬೇಕು ಅನ್ನಿಸಿತು.

ಮೂರನೆಯ ದಿನ ತಟ್ಟೆ ಖಾಲಿ. ಏನೂ ಬೆಳೆದಿರಲಿಲ್ಲ. ಜ್ವರ ಮಾತ್ರ ಇಳಿದಿರಲಿಲ್ಲ, ಮಗಳು ಅಳುವುದನ್ನೂ ಬಿಟ್ಟಿದ್ದಳು. ಏನೂ ಬೆಳೆಯದಿದ್ದರೆ ಇದು ಕ್ಷಯವೂ ಇರಬಹುದು, ಆ ಚಿಕಿತ್ಸೆ ಶುರು ಮಾಡಬೇಕಾಗಬಹುದು ಎಂದು ಡಾಕ್ಟರಮ್ಮ ನನ್ನ ಗಂಡನಿಗೆ ಹೇಳುತ್ತಿದ್ದರು. ಅತ್ತೆ ಘತ್ತರಗಿಯ ಭಾಗ್ಯವಂತಿಗೆ ಹರಕೆ ಹೊತ್ತು ಕೈಮುಗಿದು ಕೂತಿದ್ದರು. ಆ ಸಿರಪ್ಪಿನ ಮಾತು ನಾನಿನ್ನೂ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಮಗಳು ಹೋಗುತ್ತಾಳೆ. ಇಷ್ಟು ಸ್ಪಷ್ಟವಾಗಿ ಗೊತ್ತಿದ್ದೂ ಬಾಯಿ ಬರಲಿಲ್ಲ. ಇಂದಿಗೂ ನನಗೆ ನನ್ನ ಬಗ್ಗೆ ಇರುವ ಭಯ ಅದೇ.

ಚಾಚಾ ನನ್ನೊಬ್ಬಳನ್ನೇ ಲ್ಯಾಬಿಗೆ ಕರೆದರು. ಸ್ಟೂಲಿನ ಮೇಲೆ ಕೂರಿಸಿ, ನನಗೆ ಬೆನ್ನು ತಿರುಗಿಸಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದರು. ಅದರ ದೀಪ ಹತ್ತಿರಲಿಲ್ಲ ಎನ್ನುವುದು ನನಗೆ ಕಾಣುತ್ತಿತ್ತು.

“ಕೀವಿಗೆ ಬಣ್ಣ ಹಚ್ಚಿ ನೋಡಿದಾಗ ಒಂದೆರಡು ಮಬ್ಬು ಚುಕ್ಕಿ ಕಂಡಂಗ ಆತ್ರಿ. ಖಾತ್ರಿ ಇಲ್ಲ. ಹುಳ ಇದ್ದು ಸತ್ತಿದ್ರ ತಟ್ಟಿ ಹಿಂಗ ಖಾಲಿ ಬರ್ತದ,” ಎಂದರು. ಕಣ್ಣು ಎತ್ತದೆ, “ಮನ್ಯಾಗ ಉಳಿದಿದ್ದು ಏನರ ಕುಡಿಸಿದ್ರೇನು ಬಾಯಾರ?” ಎಂದು ಕೇಳಿದರು.

ಆ ಬೆನ್ನಿಗೆ ನಾನು ಎಲ್ಲ ಹೇಳಿದೆ. ಸಿರಪ್ಪಿನ ಹೆಸರು, ಎಷ್ಟು ಚಮಚ, ಯಾರ ಮನೆಯದು ಎಲ್ಲವನ್ನೂ. ಬೆನ್ನು ಅಲುಗಲಿಲ್ಲ. “ಎಷ್ಟ್ ದಿನಾ?” ಎಂದರು. “ಎರಡು,” ಎಂದೆ. “ಹೂಂ,” ಎಂದು ಫೋನು ಎತ್ತಿ ಡಾಕ್ಟರಮ್ಮನಿಗೆ ಸಿರಪ್ಪಿನ ಹೆಸರು ಹೇಳಿದರು. ಆಮೇಲೆ, ಕೊರೊನಾ ಕಾಲದಲ್ಲಿ ಆ ಲ್ಯಾಬಿಗೆ ಬಂದಿದ್ದ ಜೀನ್ ಪರೀಕ್ಷೆಯ ಯಂತ್ರಕ್ಕೆ ಉಳಿದ ಕೀವನ್ನು ಸಿದ್ಧ ಮಾಡತೊಡಗಿದರು. “ಹುಳ ಸತ್ರೂ ಜೀನು ಉಳೀತದ್ರಿ. ಅದರಾಗ ಅದರ ಹೆಸರು, ಕುಲ, ಕಸಬು ಎಲ್ಲ ಬರದಿರ್ತದ. ಓದೂಣು, ಅಂಜಬ್ಯಾಡ್ರಿ,” ಎಂದರು.

ಸಂಜೆಗೆ ಉತ್ತರ ಬಂತು. ನ್ಯುಮೊಕಾಕಸ್, ಚಾಚಾ ತೋರಿಸಿದ್ದ ಅದೇ ಜೋಡಿ ಚುಕ್ಕಿಯ ಹುಳ. ಜೊತೆಗೆ ನಾನು ಕುಡಿಸಿದ ಸಿರಪ್ಪಿನ ಜಾತಿಗೆ ಜಗ್ಗದ ಜೀನೂ ಇತ್ತು. ವಾರ್ಡಿನಲ್ಲಿ ಕೊಡುತ್ತಿದ್ದುದೂ ಅದೇ ಜಾತಿಯ ಔಷಧಿ. ಅದು ಹುಳವನ್ನು ತಟ್ಟೆಯಲ್ಲಿ ಬೆಳೆಯದಷ್ಟು ಬಳಲಿಸಿತ್ತು, ಎದೆಯೊಳಗೆ ಪೂರ್ತಿ ಕೊಂದಿರಲಿಲ್ಲ. ಕ್ಷಯದ ಮಾತು ನಿಂತಿತು, ಔಷಧಿ ಬದಲಾಯಿತು. ಚಾಚಾ ಆ ದಿನ ಸಂಜೆಯ ಬಸ್ಸು ತಪ್ಪಿಸಿಕೊಂಡಿದ್ದರು. ಎರಡು ದಿನ ಬಿಟ್ಟು ನನ್ನ ಮಗಳು ಕಣ್ಣು ತೆರೆದು ರೊಟ್ಟಿ, ಶೇಂಗಾ ಹಿಂಡಿ ಕೇಳಿದಳು. ನಾನು ವಾರ್ಡಿನ ನಡುವೆ ನಿಂತು ಗಟ್ಟಿಯಾಗಿ ಅತ್ತುಬಿಟ್ಟೆ. ಮೊದಲೇ ಕುಡಿಸಿದ್ದೆ ಎಂದು ಅತ್ತೆಗೂ ಗಂಡನಿಗೂ ಆಮೇಲೆ ನಾನೇ ಹೇಳಿದೆ. ಚಾಚಾ ಯಾರ ಮುಂದೂ ತುಟಿ ಬಿಚ್ಚಿರಲಿಲ್ಲ.

ಬಿಡುಗಡೆಯ ದಿನ, “ಅವತ್ತು ಬೆನ್ನು ತಿರುಗಿಸಿ ಯಾಕ ಕೇಳಿದ್ರಿ ಚಾಚಾ?” ಎಂದೆ. “ಮುಖ ನೋಡಿ ಕೇಳಿದ್ರ ಮಂದಿ ಮಾನ ಉಳಿಸ್ಕೋತಾರ. ಬೆನ್ನು ಕಂಡ್ರ ಕೂಸಿನ್ನ ಉಳಿಸ್ಕೋತಾರ,” ಎಂದರು. ಆಮೇಲೆ ಕಲಬುರಗಿಗೆ ಹೋದಾಗಲೆಲ್ಲ ಅವರನ್ನು ಕಂಡೇ ಬರುತ್ತಿದ್ದೆ.

ಕಳೆದ ವರ್ಷ ಅವರಿಗೆ ಕಿಡ್ನಿ ಕೆಟ್ಟಿದೆ ಎಂದು ಗೊತ್ತಾಗಿ ಜೇವರ್ಗಿಗೆ ಹೋದೆ. ಆಗಲೇ ನಿವೃತ್ತರಾಗಿದ್ದರು. ಮಂಚದ ಮೇಲೆ ಚಾಚಿದ ಕೈಯಲ್ಲಿ ಹೆಬ್ಬೆರಳ ಉಗುರು ಬೆಳ್ಳಗಾಗಿತ್ತು. ಅದನ್ನು ನೋಡಿ ನನಗೆ ಕಾಯಿಲೆಯ ಸುದ್ದಿಗಿಂತ ಹೆಚ್ಚು ಸಂಕಟವಾಯಿತು. ಅವರು ಏನೋ ಹೇಳಲು ಹೋಗಿ ನನ್ನ ಮುಖ ನೋಡಿ ಸುಮ್ಮನಾದರು. ಎರಡು ಸಲ ಹೀಗಾಯಿತು. ನನಗೆ ತಿಳಿಯಿತು. ಎದ್ದು ಕಿಟಕಿಗೆ ಹೋಗಿ ಅವರಿಗೆ ಬೆನ್ನು ಮಾಡಿ ನಿಂತೆ. ಹೊರಗೆ ಆಡೊಂದು ಗೋಡೆಗೆ ಅಂಟಿಸಿದ ಕಾಗದ ಹರಿದು ತಿನ್ನುತ್ತಿತ್ತು.

“ನನ್ನ ಮೊದಲನೇ ಮಗನಿಗೂ ಹಿಂಗ ಪಕ್ಕೆಲುಬಿನ ಕೆಳಗ ಗುಳಿ ಬೀಳ್ತಿತ್ತು ಬೇಟಿ,” ಎಂದು ಹಿಂದಿನಿಂದ ದನಿ ಬಂತು. “ಮನ್ಯಾಗ ಉಳಿದ ಗುಳಿಗಿ ಅರದು ನಾನೇ ಕುಡಿಸಿದ್ದೆ. ಡಾಕ್ಟರ್ ಕೇಳಿದ್ರು. ನಾ ಲ್ಯಾಬಿನವ ಅಲ್ಲೇನು? ಇಲ್ರಿ ಅಂದೆ. ತಟ್ಟಿ ಖಾಲಿ ಬಂತು, ಕೂಸು ಉಳೀಲಿಲ್ಲ. ಸತ್ತ ಹುಳದ ಹೆಸರು ಓದೋ ಮಷೀನ್ ಆಗ ಎಲ್ಲಿತ್ತು?” ಕೊನೆಗೆ, “ಇದನ್ನ ಮಂದಿಗಿ ಹೇಳ್ರಿ. ನನ್ನ ಹೆಸರು ಮಾತ್ರ ಬ್ಯಾಡ,” ಎಂದರು.

ಒಂದು ತಿಂಗಳೊಳಗೆ ತೀರಿಕೊಂಡರು.

ಮಗಳು ಈಗ ಎರಡನೆಯ ತರಗತಿ. ಸಣ್ಣದಾಗಿ ಕೆಮ್ಮಿದರೂ ಅಂಗಿ ಎತ್ತಿ ಪಕ್ಕೆ ನೋಡುತ್ತೇನೆ, ಅವಳು ಸಿಡುಕುತ್ತಾಳೆ. ಶಾಲೆಯ ತಾಯಂದಿರ ಸಭೆಯಲ್ಲಿ ಕೆಮ್ಮು, ಜ್ವರದ ಮಾತು ಬಂದರೆ ನಾನು ಎದ್ದು ಕರಿಹಲಗೆ ಒರೆಸತೊಡಗುತ್ತೇನೆ. ಅದರ ಮೇಲೆ ಒಂದಕ್ಷರ ಇಲ್ಲದಿದ್ದರೂ ಒರೆಸುತ್ತೇನೆ. ಒರೆಸುತ್ತಲೇ, “ಮನ್ಯಾಗ ಉಳಿದಿದ್ದು ಏನರ ಕುಡಿಸೀರೇನು?” ಎಂದು ಕೇಳುತ್ತೇನೆ. ಬೆನ್ನ ಹಿಂದೆ ಯಾರೋ ಒಬ್ಬಳು, “ಹೌದ್ರಿ ಟೀಚರ್,” ಅನ್ನುವವರೆಗೆ ತಿರುಗುವುದಿಲ್ಲ.