ಸುಮ್ಮನಿರಿ ಎಂದಿದ್ದೆ

ಹೋದ ವಾರ ಕೊಯಮತ್ತೂರಿನ ಒಂದು ಸೀರೆ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಕೈಮಗ್ಗದ ಹತ್ತಿ ಸೀರೆಯೊಂದರ ಮಡಿಕೆ ಬಿಡಿಸಿ ಮುಂದೆ ಹರವಿದ. ಗಂಜಿಯ ವಾಸನೆ ಬಂತು. ನೂಲಿಗೆ ಹಾಕುವ ಅನ್ನದ ಗಂಜಿ, ತುಸು ಹುಳಿ ಹುಳಿ... ಬಣ್ಣ ನೋಡುವುದನ್ನು ಬಿಟ್ಟು ಸೆರಗನ್ನು ಮುಖಕ್ಕೆ ಒತ್ತಿಕೊಂಡು ನಿಂತುಬಿಟ್ಟೆ. ಜೊತೆಗಿದ್ದ ಮಗಳು, “ಏನಮ್ಮಾ ಇದು, ಎಲ್ಲರೂ ನೋಡ್ತಿದ್ದಾರೆ” ಎಂದು ಕೈ ಜಗ್ಗಿದಳು.

ಅದು ನಮ್ಮ ಎದುರು ಮನೆಯ ಅತ್ತೆಯ ಮೈವಾಸನೆ.

ಮಗಳು ಚಿಕ್ಕವಳಿದ್ದಾಗ ನಾವು ತಮಿಳುನಾಡಿನ ಅವಿನಾಶಿಯಲ್ಲಿ, ಮನೆಯಲ್ಲಿ ಕನ್ನಡವಾಡುವ ನೇಕಾರರ ಬೀದಿಯಲ್ಲಿದ್ದೆವು. ಅತ್ತೆ ನನಗೆ ಸಂಬಂಧಿಕರೇನಲ್ಲ. ಇಡೀ ಬೀದಿಗೇ ಅತ್ತೆ. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಕಣ್ಣು ಮಂಜಾದ ಮೇಲೆ ಮಗ್ಗಕ್ಕೆ ಕೂರುವುದನ್ನು ಬಿಟ್ಟು, ಅಕ್ಕಪಕ್ಕದವರಿಗೆ ಲಾಳಿಯೊಳಗೆ ಕೂರಿಸುವ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದರು. ನಾನು ಕೊಳ್ಳೇಗಾಲದಿಂದ ಮದುವೆಯಾಗಿ ಬಂದವಳು, ಕನ್ನಡ ಶಾಲೆಯಲ್ಲಿ ಓದಿದವಳು. ಕಿಟಕಿಗೆ ‘ಜನ್ನಲು’ ಎನ್ನುವ, ಹೌದು ಎನ್ನಲು ‘ಆಮಾ’ ಎನ್ನುವ ಅವರ ಕನ್ನಡ ಕೇಳಿ ಮೊದಮೊದಲು ಸೆರಗು ಅಡ್ಡ ಹಿಡಿದು ನಕ್ಕಿದ್ದೇನೆ. ಅವರಿಗೆ ಕನ್ನಡ ಅಕ್ಷರ ಒಂದೂ ಬರುತ್ತಿರಲಿಲ್ಲ.

ಮಗಳಿಗೆ ಎರಡೂವರೆ ವರ್ಷವಾದರೂ ಮಾತು ಬಂದಿರಲಿಲ್ಲ. ಅಮ್ಮ ಅನ್ನುತ್ತಿದ್ದಳು, ಮಿಕ್ಕಿದ್ದಕ್ಕೆಲ್ಲ ಬೆರಳು ತೋರಿಸುತ್ತಿದ್ದಳು. ನಾನು ತಿರುಪ್ಪೂರಿನ ಬನಿಯನ್ ಕಂಪನಿಯೊಂದಕ್ಕೆ ಕೆಲಸಕ್ಕೆ ಹೋಗುತ್ತಿದ್ದೆ. ಬೆಳಿಗ್ಗೆ ಎಂಟಕ್ಕೆ ಕಂಪನಿ ಬಸ್ಸು ಬರುವ ಮೊದಲು ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ ಓಡುತ್ತಿದ್ದೆ. ಒಂದು ದಿನ ಅಳುತ್ತಾ ನನ್ನ ಭಯ ಹೇಳಿಕೊಂಡೆ.

“ಅಳಬ್ಯಾಡ ಕಣ್ಣು,” ಅಂದರು. ಮುದ್ದಿನಿಂದ ಕರೆಯುವಾಗ ಅವರು ‘ಕಣ್ಣು’ ಎನ್ನುತ್ತಿದ್ದರು. “ನಾಕು ಮನೆ ತಿರುಗಿದ್ರೆ ನಾಲಿಗೆ ತಾನಾಗೇ ತಿರುಗ್ತದೆ.”

ಮಾರನೆಯ ದಿನದಿಂದ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬೀದಿ ಸುತ್ತಲು ಶುರುಮಾಡಿದರು. ಕೂರಿಸಿ ಪಾಠ ಹೇಳಲಿಲ್ಲ. ಕೆಲಸ ಮಾಡುವವರ ಎದುರು ಹೋಗಿ ನಿಲ್ಲುವುದು, ಅವರ ಕೈಯಲ್ಲಿರುವುದನ್ನು ಮಗುವಿನ ಕೈಗೆ ಕೊಡಿಸುವುದು, “ಪಾಪಾಗೆ ಹೆಸರು ಹೇಳು” ಎಂದು ಅವರನ್ನೇ ಕೇಳುವುದು. ನೇಯುವವನು ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿ ಕೊಟ್ಟ. ಇಸ್ತ್ರಿ ಮಾಡುವವನು ಆರಿದ ಇದ್ದಿಲ ಚೂರೊಂದನ್ನು ಕೊಟ್ಟ. ಇಡ್ಲಿ ಮಾರುವವಳು ಒದ್ದೆ ಬಟ್ಟೆಯಿಂದ ಇಡ್ಲಿ ಬಿಡಿಸುವುದನ್ನು ತೋರಿಸಿದಳು. ಹೆಸರು ಹೇಳಿದವರಿಗೆ ಮಗು ಏನೂ ಹೇಳುತ್ತಿರಲಿಲ್ಲ. ಅತ್ತೆ ಬೇಸರಪಡದೆ ಮುಂದಿನ ಮನೆಗೆ ನಡೆಯುತ್ತಿದ್ದರು.

ಎರಡು ತಿಂಗಳಾಗಿರಬೇಕು. ಒಂದು ಸಂಜೆ ನಾನು ಬಸ್ಸಿಳಿದು ಬಂದಾಗ ಮಗು ನನ್ನ ಕೈಯ ಮೇಲೆ ತನ್ನ ಪುಟ್ಟ ಮೊಣಕೈ ಊರಿ, ಬೆರಳು ಚಾಚಿ, “ಮೊಳ” ಅಂದಳು. ಹೂ ಮಾರುವವಳಿಂದ ಕಲಿತದ್ದು. ಆಮೇಲೆ ಅವಳು ಅಳೆಯದ ವಸ್ತುವಿಲ್ಲ. ಬಾಗಿಲು, ಬೆಕ್ಕು, ಅತ್ತೆಯ ಬೆನ್ನು, ಎಲ್ಲ ಎಷ್ಟೋ ಮೊಳ. ಮಾತು ಹರಿದು ಬಂತು, ಅರ್ಧ ತಮಿಳು, ಅರ್ಧ ಕನ್ನಡ. ಬೀದಿಯಲ್ಲಿ ಹೋದರೆ ಅವಳೇ ಪ್ರತಿಯೊಬ್ಬರನ್ನೂ ನಿಲ್ಲಿಸಿ, “ಇದೇನು?” ಎಂದು ಕೇಳುತ್ತಿದ್ದಳು.

ಮರುವರ್ಷ ಅವಳನ್ನು ಇಂಗ್ಲಿಷ್ ನರ್ಸರಿಗೆ ಸೇರಿಸಿದೆವು. ಕೆಲವು ತಿಂಗಳಲ್ಲೇ ಅಲ್ಲಿನ ಟೀಚರ್ ನನ್ನನ್ನು ಕರೆಸಿದರು. ಗೋಡೆಯ ಮೇಲಿನ ದೋಣಿಯ ಚಿತ್ರ ತೋರಿಸಿದರೆ ನನ್ನ ಮಗಳು ‘ಲಾಳಿ’ ಅಂದಳಂತೆ. ಹೀಗೆ ಎರಡು ಮೂರು ಭಾಷೆ ಕಲೆಸಿದರೆ ಮಗುವಿಗೆ ಯಾವುದೂ ಬರುವುದಿಲ್ಲ, ಮನೆಯಲ್ಲಿ ಇಂಗ್ಲಿಷ್ ಪದಗಳನ್ನಷ್ಟೇ ಹೇಳಿ, ಇಲ್ಲದಿದ್ದರೆ ಮುಂದಿನ ಕ್ಲಾಸಿಗೆ ಹಾಕುವುದು ಕಷ್ಟ ಎಂದರು. ದೋಣಿ ಲಾಳಿಯ ಹಾಗೇ ಇರುತ್ತದಲ್ಲ ಎಂದು ನನಗೆ ಹೇಳಲು ಹೊಳೆಯಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿಕೊಂಡು ಬಂದೆ.

ಅವತ್ತೇ ಸಂಜೆ ಅತ್ತೆಗೆ ಹೇಳಿದೆ. “ಇನ್ನು ಮೇಲೆ ಬೀದಿ ಸುತ್ತಿಸೋದು ಬೇಡ ಅತ್ತೆ. ನಿಮ್ಮ ಮಾತು ಅವಳಿಗೆ ಬೇಡ. ಇಂಗ್ಲಿಷ್ ಪದ ಗೊತ್ತಿದ್ದರೆ ಹೇಳಿ, ಇಲ್ಲದಿದ್ದರೆ ಸುಮ್ಮನಿರಿ.”

ಅವರು ಕಂಡಿಕೆ ಸುತ್ತುವುದನ್ನು ನಿಲ್ಲಿಸಿದರು. “ನಂಗೆ ಯಾವ ಇಂಗ್ಲೀಷು ಬತ್ತದೆ ಕಣ್ಣು... ಪರವಾಯಿಲ್ಲೆ. ಸುಮ್ನೇ ಇರ್ತೀನಿ ಬುಡು.”

ನಿಜವಾಗಿಯೂ ಸುಮ್ಮನಾದರು. ಶಾಲೆಯಿಂದ ಬಂದ ಮಗುವಿಗೆ ಮಾತಿಲ್ಲದೆ ಅನ್ನ ಕಲಸಿ ತಿನ್ನಿಸಿದರು, ಮಾತಿಲ್ಲದೆ ಮಲಗಿಸಿದರು. “ಅಜ್ಜಿಗೆ ನನ್ನ ಮೇಲೆ ಕೋಪಾನಾ?” ಎಂದು ಮಗಳು ಕೇಳಿದಾಗ, ಇಲ್ಲ, ಅಜ್ಜಿಗೆ ಗಂಟಲು ನೋವು ಎಂದೆ.

ಒಂದು ಮಧ್ಯಾಹ್ನ ಕಂಪನಿಯಲ್ಲಿ ಕರೆಂಟು ಹೋಗಿ ಬೇಗ ಬಂದೆ. ಅತ್ತೆಯ ಮನೆಯ ಬಾಗಿಲು ತೆರೆದಿತ್ತು. ಮಗಳು ಅವರ ತೊಡೆಯ ಮೇಲೆ ನಿಂತು, ಎರಡೂ ಕೈಯಲ್ಲಿ ಅವರ ಗಲ್ಲ ಹಿಡಿದು, “ಹೇಳಜ್ಜಿ, ಇದೇನು ಹೇಳಜ್ಜಿ” ಎಂದು ಅಳುತ್ತಿದ್ದಳು. ಅತ್ತೆ ತುಟಿ ಬಿಗಿದು ಕೂತಿದ್ದರು. ಕಣ್ಣಿಂದ ನೀರು ಸುರಿಯುತ್ತಿತ್ತು.

ಒಳಗೆ ಹೋಗಿ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಇನ್ನು ಸ್ವಲ್ಪ ದಿನ ತಾನೇ, ಮಗು ಮುಂದಿನ ಕ್ಲಾಸಿಗೆ ಹೋಗಲಿ ಅಂದುಕೊಂಡೆ. ಸದ್ದಿಲ್ಲದೆ ಮನೆಗೆ ಬಂದು ಒಲೆ ಹಚ್ಚಿದೆ.

ಆ ಬೇಸಿಗೆಯಲ್ಲೇ ಅತ್ತೆಗೆ ಕಾಯಿಲೆಯಾಯಿತು. ಮಡತ್ತುಕುಳಂನಲ್ಲಿದ್ದ ಅವರ ತಂಗಿಯ ಮಗಳು ಬಂದು ಕರೆದುಕೊಂಡು ಹೋದಳು. ಜಾಸ್ತಿ ದಿನ ಇರುವುದಿಲ್ಲ ಎಂದು ತಿಳಿದ ಮೇಲೆ ನನ್ನ ಮಗಳನ್ನು ಕರೆದುಕೊಂಡು ನೋಡಲು ಹೋದೆ. ಹಾಸಿಗೆಯಲ್ಲಿ ಒಂದು ಹಿಡಿಯಾಗಿದ್ದರು. ಮಗುವನ್ನು ನೋಡಿ ಬಾಯಿ ತೆರೆದವರು ತಕ್ಷಣ ನನ್ನ ಕಡೆ ತಿರುಗಿದರು.

“ಪೇಸಲಾ ಕಣ್ಣು?” ಮಾತಾಡಲಾ ಎಂದು ನನ್ನನ್ನು ಕೇಳಿದರು.

“ಮಾತಾಡಿ ಅತ್ತೆ, ಮಾತಾಡಿ...” ಮಗುವನ್ನು ಹಾಸಿಗೆಯ ಹತ್ತಿರಕ್ಕೆ ಸರಿಸಿದೆ.

ಅಷ್ಟರಲ್ಲಿ ಮಗಳು ಶಾಲೆಯಲ್ಲಿ ಕಲಿಸಿದ ಹಾಗೆ ಕೈಕಟ್ಟಿ ನಿಂತು, “ಗುಡ್ ಆಫ್ಟರ್‌ನೂನ್” ಎಂದು ಶುರುಮಾಡಿ, ತನ್ನ ಹೆಸರು, ಶಾಲೆಯ ಹೆಸರು ಎಲ್ಲವನ್ನೂ ಇಂಗ್ಲಿಷಿನಲ್ಲಿ ಒಪ್ಪಿಸಿದಳು. ಅತ್ತೆಗೆ ಒಂದೂ ಅರ್ಥವಾಗಿರಲಾರದು. ಮುಗಿಯುವ ತನಕ ಕೇಳಿದರು. “ಪಾಪಾ ಚೆನ್ನಾಗಿ ಮಾತಾಡ್ತದೆ” ಎಂದು ನನ್ನ ಕೈ ಒತ್ತಿ ಕಣ್ಣು ಮುಚ್ಚಿಕೊಂಡರು. ನಾವು ಊರಿಗೆ ಮರಳಿದ ನಾಲ್ಕನೇ ದಿನ ಸುದ್ದಿ ಬಂತು.

ವರುಷಗಳ ನಂತರ ಮಕ್ಕಳ ಡಾಕ್ಟರೊಬ್ಬರ ಬಳಿ ಈ ವಿಷಯ ಎತ್ತಿದೆ. ಅವರು ನಕ್ಕರು. “ಎರಡು ಭಾಷೆ ಕೇಳಿದರೆ ಮಗುವಿಗೆ ಏನೂ ಆಗಲ್ಲಮ್ಮಾ, ಯಾರು ಹೇಳಿದ್ದು ನಿಮಗೆ?” ಹೇಳಿದವರು ಯಾರಾದರೇನು, ಕೇಳಿದವಳು ನಾನು...

ಸೀರೆ ಅಂಗಡಿಯಿಂದ ಬಂದ ರಾತ್ರಿ ಊಟದ ಹೊತ್ತಿನಲ್ಲಿ ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳಿಗೆ ಈಗ ಹದಿನಾಲ್ಕು. ಅತ್ತೆಯ ಮುಖವಾಗಲಿ, ಆ ಬೀದಿಯಾಗಲಿ ಅವಳಿಗೆ ನೆನಪಿಲ್ಲ. ತಟ್ಟೆಯಲ್ಲಿ ಕೈ ಒಣಗುವ ತನಕ ಕೇಳಿ, ಕೊನೆಗೆ, “ಅವರ ದನಿ ಹೇಗಿತ್ತಮ್ಮಾ?” ಎಂದಳು.

ನೆನಪು ಮಾಡಿಕೊಂಡೆ. ಅವರಾಡಿದ ಮಾತುಗಳೆಲ್ಲ ಬಂದವು, ದನಿ ಬರಲಿಲ್ಲ. ಮಗಳು ಎದ್ದು ಕೈ ತೊಳೆಯಲು ಹೋದಳು.