ಹಂಡೆ ಒಲೆಯ ವಿಭೂತಿ

ಆ ವಿಭೂತಿ ಬುಧವಾರ ಬೆಳಿಗ್ಗೆ ಜ್ಞಾನಮ್ಮಜ್ಜಿಯ ಹಣೆ ಮಿರಮಿರನೆ ಮಿಂಚಿತು.

ಕ್ರೈಸ್ತರ ತಪಸ್ಸುಕಾಲದ ಮೊದಲ ದಿನ. "ಮಾನವಾ, ನೀನು ಮಣ್ಣು, ಮರಳಿ ಮಣ್ಣಿಗೇ ಸೇರುವೆ" ಎನ್ನುತ್ತ ಫಾದರ್ ಒಬ್ಬೊಬ್ಬರ ಹಣೆಗೂ ಹೆಬ್ಬೆರಳಿನಿಂದ ಬೂದಿಯ ಶಿಲುಬೆ ಎಳೆಯುತ್ತಿದ್ದರು. ಮಣ್ಣಿನಲ್ಲಿ ಚಿನ್ನ ಸಿಗುತ್ತದೆಂದು ಕೇಳಿದ್ದೇವೆ, ಬೂದಿಯಲ್ಲಿ ಸಿಕ್ಕಿದ್ದು ಅವತ್ತೇ ಮೊದಲು. ಸಾಲಿನಲ್ಲಿ ನಿಂತವರ ಹಣೆಗಳೆಲ್ಲ ಸಣ್ಣಗೆ ಥಳಥಳಿಸತೊಡಗಿದವು. ಐದನೆಯವರ ಹಣೆಗಂತೂ ಅರ್ಧ ಸುಟ್ಟ ಕೆಂಪು ಕಾಗದದ ಚೂರೇ ಅಂಟಿಕೊಂಡಿತು, ಅಂಚಿಗೆ ಬಂಗಾರದ ಬಳ್ಳಿ. ಫಾದರ್ ಅದನ್ನು ಕಿತ್ತು ನೋಡಿ, ಬೂದಿ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದ ಉಪದೇಶಿ ಇನ್ನಾಸಪ್ಪನ ಮುಖ ನೋಡಿದರು. ಇನ್ನಾಸಪ್ಪ ಚಾವಣಿ ನೋಡಿದ.

"ಉಪದೇಶಿಗಳೇ, ಈ ವರ್ಷ ಬೂದಿಗೆ ಸುಟ್ಟ ತೆಂಗಿನ ಗರಿಗಳಿಗೆ ಗಿಲೀಟು ಹಾಕಿಸಿದ್ದಿರಾ?" ಎಂದು ಪೂಜೆ ಮುಗಿದ ಮೇಲೆ ಫಾದರ್ ಕೇಳಿದರು. ಅವರು ಕರಾವಳಿಯ ಕಡೆಯ ಹುಡುಗು ಪ್ರಾಯದವರು, ಪುಸ್ತಕದ ಹಾಗೆ ಮಾತಾಡುತ್ತಿದ್ದರು.

ಅವತ್ತು ಪೂಜೆಯಲ್ಲಿ ಓದಿದ ಶುಭಸಂದೇಶದ ವಾಕ್ಯದಲ್ಲಿ "ಉಪವಾಸ ಮಾಡುವಾಗ ಮುಖ ತೊಳೆದುಕೋ" ಎಂದಿದೆ. ಹಾಗೆ ಓದಿಸಿ ಆಮೇಲೆ ಹಣೆಗೆ ಬೂದಿ ಬಳಿಯುವುದು ಯಾವ ಲೆಕ್ಕ ಎಂದು ಊರಿನಲ್ಲಿ ಯಾರೂ ಕೇಳಿದವರಲ್ಲ. ಅವತ್ತು ಮಾತ್ರ ಇನ್ನಾಸಪ್ಪ ವಾಕ್ಯವನ್ನು ಚಾಚೂ ತಪ್ಪದೆ ಪಾಲಿಸಿದ. ನೇರ ನಲ್ಲಿಗೆ ಓಡಿ ಮುಖ ತೊಳೆದ.

ಪಾಂಡವಪುರದ ಆಚೆಗಿನ ಮರಿಗೌಡನಕೊಪ್ಪಲಿನಲ್ಲಿ ನಲವತ್ತು ಕ್ರೈಸ್ತ ಮನೆಗಳು, ಒಂದು ಹೆಂಚಿನ ದೇವಾಲಯ. ಫಾದರ್ ಬರುವುದು ಭಾನುವಾರ, ಹಬ್ಬ, ಸಾವುಗಳಿಗೆ. ಉಳಿದ ದಿನ ಗಂಟೆ ಹೊಡೆಯುವುದು, ಶುಭಸಂದೇಶ ಓದಿ ಅರ್ಥ ಹೇಳುವುದು, ಮಕ್ಕಳಿಗೆ ಜಪ ಕಲಿಸುವುದು ಎಲ್ಲ ಉಪದೇಶಿ ಇನ್ನಾಸಪ್ಪನದು. ಇಪ್ಪತ್ತೆರಡು ವರ್ಷದಿಂದ ಊರಿಗೆ ಉಪದೇಶ ಮಾಡಿದ್ದಾನೆ. ಪಾಪ ಎಂದರೆ ಏನು ಎಂದು ಹೇಳಿ ಹೇಳಿ, ಕೇಳಿದವರು "ಪಾಪ!" ಅನ್ನುವಷ್ಟು.

ಬೂದಿ ಮಾಡುವುದೂ ಅವನ ಕೆಲಸವೇ. ಹಿಂದಿನ ವರ್ಷ ಗರಿಗಳ ಭಾನುವಾರ ಮಂತ್ರಿಸಿದ ತೆಂಗಿನ ಗರಿಗಳನ್ನು ಜನ ಮನೆಯ ಪಟಗಳ ಹಿಂದೆ ಸಿಕ್ಕಿಸಿಟ್ಟಿರುತ್ತಾರೆ. ಅವನ್ನೆಲ್ಲ ಕೂಡಿಸಿ, ಮಂಗಳವಾರ ಸುಟ್ಟು, ಬಟ್ಟೆಯಲ್ಲಿ ಸೋಸಿ, ತೆಂಗಿನ ಚಿಪ್ಪಿಗೆ ತುಂಬಬೇಕು. ಈ ಸಲವೂ ತುಂಬಿ, ಆರಲಿ ಎಂದು ಹಿತ್ತಲ ಕಲ್ಲಿನ ಮೇಲಿಟ್ಟ. ಬುಧವಾರ ಬೆಳಿಗ್ಗೆ ನೋಡಿದರೆ ಚಿಪ್ಪು ಖಾಲಿ.

"ಲೇ ಲೂರ್ದಿ, ಚಿಪ್ಪಲ್ಲಿ ಬೂದಿ ಮಡಗಿದ್ನಲ್ಲ, ಎಲ್ಲೇ?"

"ಅಯ್ಯೋ, ನಂಗೇ ಅಂತ ಮಡಗಿದ್ರಿ ಅಂದ್ಕಂಡೆ ಕಣ್ರೀ!" ಎಂದಳು ಲೂರ್ದಮ್ಮ. "ಮದ್ವೆಯಾಗಿ ಮೂವತ್ತೈದು ವರ್ಸಕ್ಕೆ ಒಂದಿನ ಗಂಡ ಪಾತ್ರೆ ಉಜ್ಜಾಕೆ ನೈಸಾಗಿ ಬೂದಿ ಸೋಸ್ಕೊಟ್ಟವ್ರೆ ಅಂತ ಕುಸಿಯಾಗಿ ಉಜ್ಜಿದೆ."

ಊರಿನ ಪಶ್ಚಾತ್ತಾಪವೆಲ್ಲ ಮೀನಿನ ಬಾಣಲೆಗೆ ಸಂದಿತ್ತು. ಬಾಣಲೆಯೊಂದು ಪಾಪವಿಮುಕ್ತವಾಗಿ ಫಳಫಳ ಹೊಳೆಯುತ್ತಿತ್ತು.

ಗಂಟೆ ಹೊಡೆಯುವ ಹೊತ್ತಾಗಿತ್ತು. ನೀರು ಕಾಯಿಸುವ ಹಂಡೆ ಒಲೆಗೂ ತೆಂಗಿನ ಗರಿಯನ್ನೇ ಹಾಕುವುದು. ಗರಿ ಗರಿಯೇ, ದೇವರಿಗೆ ಗೊತ್ತಾಗದಿರಲಿ ಎಂದು ಒಂದು ಸಟುಗ ಬೂದಿ ಬಾಚಿ, ಸೋಸಲೂ ಪುರಸೊತ್ತಿಲ್ಲದೆ ಓಡಿದ. ಆ ಒಲೆಗೆ ಹಿಂದಿನ ಸಂಜೆ ತಾನು ಇನ್ನೇನನ್ನು ಹಾಕಿದ್ದೆ ಎಂಬುದು ನೆನಪಾದದ್ದು ಆ ಬಂಗಾರದ ಬಳ್ಳಿ ಕಂಡಾಗಲೇ.

ಅದು ಅವನ ತಮ್ಮ ರಾಯಪ್ಪನ ಮಗಳ ಮದುವೆಯ ಪತ್ರಿಕೆ.

ರಾಯಪ್ಪ ಕೆ.ಆರ್. ಪೇಟೆಯಲ್ಲಿ ಬ್ಯಾಂಡ್ ಸೆಟ್ ಇಟ್ಟವನು, ಕ್ಲಾರಿಯೊನೆಟ್ ನುಡಿಸುವವನು. ಹನ್ನೊಂದು ವರ್ಷದ ಹಿಂದೆ ತಾಯಿಯ ಮಣ್ಣಿನಲ್ಲಿ ಇನ್ನಾಸಪ್ಪ ಕಣ್ಣೀರು ಸುರಿಸುತ್ತ ಗೀತೆ ಹಾಡುತ್ತಿದ್ದ. ರಾಯಪ್ಪ ಎಲ್ಲರಿಗೂ ಕೇಳುವ ಹಾಗೆ, "ಅಣ್ಣಾ, ಪದ ಸಾಕ್ ನಿಲ್ಸು, ಅವ್ವ ಎದ್ದು ಬಂದ್ಬುಟ್ಟಾಳು!" ಎಂದುಬಿಟ್ಟ. ಗುಂಡಿಯ ಸುತ್ತ ನಿಂತ ಜನ ನಕ್ಕರು. ಪೆಟ್ಟಿಗೆ ಹಗ್ಗದಲ್ಲಿಳಿಸುತ್ತಿದ್ದವರೂ ನಕ್ಕು, ಪೆಟ್ಟಿಗೆ ಒಂದು ಪಕ್ಕಕ್ಕೆ ವಾಲಿತು. ಅಣ್ಣತಮ್ಮಂದಿರ ದ್ವೇಷಕ್ಕೆ ರಾಗವೇ ಕಾರಣವಾದದ್ದು ಹೀಗೆ. ಅವತ್ತಿನಿಂದ ಮಾತಿಲ್ಲ. ಬೂದಿ ಮುಚ್ಚಿದ ಕೆಂಡ.

ಪತ್ರಿಕೆ ತಂದುಕೊಟ್ಟವನು ಎಳನೀರು ಸಾಗಿಸುವ ಗೂಡ್ಸ್ ಆಟೋದ ಹಫೀಜ್. "ನಿಮ್ ತಮ್ಮ ಕೊಟ್ರು ಇನ್ನಾಸಣ್ಣ. ಮಗಳ ಶಾದಿ, ನಿಮ್ ದೊಡ್ಡ ಹಬ್ಬ ಕಳೆದ್ಮೇಲೆ. ಮೊದಲ್ನೇ ಪತ್ರಿಕೆ ಅಣ್ಣಂಗೇ ಅಂದ್ರು. ಒಳಗೆ ಏನೋ ಚೀಟಿ ಬರ್ದು ಇಟ್ಟವ್ರೆ." ಹಫೀಜ್ ತಿರುವು ದಾಟುವ ಮೊದಲೇ ಲಕೋಟೆ, ಒಡೆಯದೆಯೇ, ಒಲೆಯೊಳಗಿತ್ತು.

ಈಗ ಆ ಚೀಟಿ ಇನ್ನಾಸಪ್ಪನನ್ನು ಸುಡತೊಡಗಿತು. ಅದರಲ್ಲಿ ಏನಿತ್ತು? ಬರೀ ಬಸ್ಸಿನ ಹೊತ್ತು ಬರೆದಿದ್ದರೆ ಸರಿ. "ತಪ್ಪಾಯ್ತು" ಎಂದು ಬರೆದಿದ್ದರೆ? ನೀವು ಕ್ಷಮಿಸದಿದ್ದರೆ ನಿಮಗೂ ಕ್ಷಮೆಯಿಲ್ಲ ಎಂದು ಊರಿಗೆಲ್ಲ ಹೇಳಿಕೊಟ್ಟವನು ತಾನೇ. ನರಕ ಎಂದರೆ ಹೇಗಿರುತ್ತದೆ ಎಂದು ಮಕ್ಕಳು ಕೇಳಿದಾಗಲೆಲ್ಲ "ನಮ್ಮನೆ ಹಂಡೆ ಒಲೆ ಕಂಡಿದ್ದೀರಲ್ಲ, ಅದ್ರ ಏಳು ಪಟ್ಟು" ಎಂದವನೂ ತಾನೇ. ಹೋಲಿಕೆಯನ್ನು ಇಷ್ಟು ಹತ್ತಿರದಿಂದ ಆರಿಸಿಕೊಳ್ಳಬಾರದಿತ್ತು.

ಗುರುವಾರದಿಂದ ತಣ್ಣೀರು ಸ್ನಾನ ಮಾಡತೊಡಗಿದ. "ತಪಸ್ಸುಕಾಲ ಅಲ್ವಾ" ಎಂದು ಹೆಂಡತಿಗೆ ಹೇಳಿ ನಡುಗಿದ. ಗಂಟೆಯ ಹೊಡೆತ ಒಂದೆರಡು ಹೆಚ್ಚುಕಡಿಮೆಯಾಗಿ, ಯಾರೋ ಸತ್ತರೆಂದು ಇಬ್ಬರು ಓಡಿಬಂದರು. ಸೋಮವಾರ ಓದಬೇಕಾದ ವಾಕ್ಯ ಬೇರೆ ಕೊನೆಯ ತೀರ್ಪಿನದು: ಕುರಿಗಳು ಬಲಕ್ಕೆ, ಮೇಕೆಗಳು ಎಡಕ್ಕೆ, ಎಡದವರು ಆರದ ಬೆಂಕಿಗೆ.

"ಮೇಕೆ ಏನ್ ತಪ್ಪು ಮಾಡ್ತು ಉಪದೇಸಿ?" ಎಂದಳು ಜ್ಞಾನಮ್ಮಜ್ಜಿ.

"ಮೇಕೆ ಏನೂ ಮಾಡ್ನಿಲ್ಲ ಕಣಜ್ಜಿ. ಏನೂ ಮಾಡ್ದೆ ಇದ್ದದ್ದೇ ತಪ್ಪು" ಎಂದ. ಅರ್ಥ ಹೇಳಿದ್ದು ಸರಿಯಾಗಿಯೇ ಇತ್ತು. ಅದೇ ಅವನನ್ನು ಹೆದರಿಸಿತು. ಮನೆಗೆ ಹೋದರೆ ಲೂರ್ದಮ್ಮನ ಎರಡು ಮೇಕೆಗಳು ಕೊಟ್ಟಿಗೆಯ ಎಡಕ್ಕೆ ನಿಂತು, ಬಾ ಬಾ ಎನ್ನುವಂತೆ ಅವನನ್ನೇ ನೋಡುತ್ತಿದ್ದವು.

ಮಂಗಳವಾರ ಒಂದು ಮಣ್ಣಿಗೆಂದು ಬಂದಿದ್ದ ಫಾದರನ್ನು ಮೆಲ್ಲಗೆ ಹಿಡಿದ.

"ಫಾದರ್, ಒಬ್ಬ ಕ್ಷಮೆ ಕೇಳ್ದ, ಇನ್ನೊಬ್ಬಂಗೆ ಅದು ಕೇಳಿಸ್ನಿಲ್ಲ ಅಂತ ಇಟ್ಕಳಿ."

"ಅವರಿಗೆ ಕಿವಿ ಮಂದವೇ?"

"ಕಿವಿ ಚೆಂದಾಗದೆ. ಒಲೆ ಉರೀತಿತ್ತು."

ಫಾದರ್ ಹುಬ್ಬೇರಿಸಿದರು. "ಪಾಪನಿವೇದನೆಗೆ ಬರುತ್ತೀರಾ?"

"ನಂದಲ್ಲ ಫಾದರ್, ಊರಲ್ಲಿ ಒಬ್ರು ಕೇಳಿದ್ರು" ಎಂದು ಇನ್ನಾಸಪ್ಪ ಜಾರಿಕೊಂಡ. ಮೇಲೊಂದು ಸುಳ್ಳು ಸೇರಿತಲ್ಲ ಎಂದು ಅವತ್ತಿನ ಮುದ್ದೆಯನ್ನು ಮೇಕೆಗಳಿಗೆ ಹಾಕಿದ.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಶಿಲುಬೆ ಹಾದಿಯ ಪ್ರಾರ್ಥನೆ. ಅದಕ್ಕೆ ಮೊದಲು ಅವತ್ತಿನ ವಾಕ್ಯ. ಇಪ್ಪತ್ತೆರಡು ವರ್ಷ ಓದಿದ ವಾಕ್ಯವೇ, ನಾಲಿಗೆಗೆ ಬಾಯಿಪಾಠ. ಬಲಿಪೀಠಕ್ಕೆ ಕಾಣಿಕೆ ತಂದಾಗ, ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಮನಸ್ತಾಪವಿದೆ ಎಂದು ನೆನಪಾದರೆ...

ಇನ್ನಾಸಪ್ಪ ನಿಂತ. ಮತ್ತೆ ಓದಿದ. ನಿನಗೆ ಅವನ ಮೇಲೆ ಎಂದಿಲ್ಲ. ಅವನಿಗೆ ನಿನ್ನ ಮೇಲೆ ಎಂದಿದೆ. ತಪ್ಪು ಮಾಡಿದವನು ತಮ್ಮ, ಬರಬೇಕಾದವನು ಅವನು ಎಂದು ಹನ್ನೊಂದು ವರ್ಷ ಕಾಲು ಚಾಚಿ ಕೂತಿದ್ದ. ಪುಸ್ತಕದಲ್ಲಿ ತಪ್ಪು ಯಾರದೆಂಬ ವಿಚಾರಣೆಯೇ ಇಲ್ಲ. ಯಾರಿಗೆ ನೆನಪಾಯಿತೋ ಅವನು ಏಳಬೇಕು. ಅವನಿಗೆ ಹತ್ತು ದಿನದಿಂದ ಬೇರೇನೂ ನೆನಪಾಗುತ್ತಿರಲಿಲ್ಲ.

"'...ಕಾಣಿಕೆಯನ್ನು ಅಲ್ಲೇ ಬಿಟ್ಟು, ಮೊದಲು ಹೋಗು'" ಎಂದು ಓದಿ ಮುಗಿಸಿದ. ಪುಸ್ತಕ ಮುಚ್ಚಿದ. ಬಲಿಪೀಠದ ಮೇಲೆ ಇಡಬೇಕಿದ್ದ ಮೇಣದ ಬತ್ತಿಗಳನ್ನು ಅಲ್ಲೇ ಕೆಳಗೆ ಬಿಟ್ಟು, ಚಪ್ಪಲಿ ಮೆಟ್ಟಿ ಹೊರಟೇ ಹೋದ. ಮೂತ್ರಕ್ಕೆ ಹೋಗಿರಬೇಕು ಎಂದು ಜನ ಕಾಯುತ್ತ ಕೂತರು. ಮುಕ್ಕಾಲು ಗಂಟೆ ಕೂತರಂತೆ.

ಹಫೀಜನ ಆಟೋ ದೇವಾಲಯದ ಮುಂದೆಯೇ ಎಳನೀರು ತುಂಬಿಕೊಳ್ಳುತ್ತಿತ್ತು. ಇನ್ನಾಸಪ್ಪ ಕೆ.ಆರ್. ಪೇಟೆಗೆಂದು ಹತ್ತಿ ಕೂತ. ಚಿನಕುರಳಿ ದಾಟುತ್ತ ಎಲ್ಲ ಹೇಳಿದ.

"ನಮ್ಮಲ್ಲೂ ಅಂಗೇ ಇನ್ನಾಸಣ್ಣ" ಎಂದ ಹಫೀಜ್. "ಅಲ್ಲಾಗೆ ಮಾಡಿದ್ ತಪ್ಪಿಗೆ ಅಲ್ಲಾನ್ನ ಕೇಳ್ಬೋದು. ಮನುಸನಿಗೆ ಮಾಡಿದ್ರೆ ಮನುಸನೇ ಮಾಫ್ ಮಾಡ್ಬೇಕು. ಅದ್ರಲ್ಲಿ ಅಲ್ಲಾ ನಡುವೆ ಬರಲ್ಲ."

"ಅವ್ನು ಬಾಗ್ಲು ತೆಗೀದೆ ಹೋದ್ರೆ?"

"ತೆಗೀದಿದ್ರೆ ವಾಪಸ್ ಬನ್ನಿ, ನಾನ್ ಕಾಯ್ತೀನಿ. ಮಾಡಿದ್ದೆಲ್ಲ ಮಾಡಿ, ಈಗ ನನ್ ಕೈಯಲ್ಲಿ ಬ್ರೇಕ್ ಹಾಕಿಸ್ಬೇಡಿ."

ರಾಯಪ್ಪನ ಮನೆ ಬಾಗಿಲು ತೆರೆದೇ ಇತ್ತು. ಜಗಲಿಯಲ್ಲಿ ಕೂತು ಕ್ಲಾರಿಯೊನೆಟ್ಟನ್ನು ಬಟ್ಟೆಯಿಂದ ಒರೆಸುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಅಣ್ಣನನ್ನು ಕಂಡು ಎದ್ದ. ಬಟ್ಟೆ ಕೈಯಲ್ಲೇ ಉಳಿಯಿತು. ರಾಯಪ್ಪನ ಹೆಂಡತಿ ಒಳಗಿನಿಂದ ಕುರ್ಚಿ ತಂದಿಟ್ಟಳು, ಕಾಫಿ ತಂದಳು. ಇನ್ನಾಸಪ್ಪ ಲೋಟ ಕೈಗೆತ್ತಿಕೊಂಡ.

ರಾಯಪ್ಪನೇ ಶುರುಮಾಡಿದ, ನೆಲ ನೋಡುತ್ತ.

"ಆ ನಾಕು ಸಾಲು ಬರ್ಯಾಕೆ ಹನ್ನೊಂದು ವರ್ಸ ಬೇಕಾಯ್ತು ಕಣಣ್ಣಾ. ಅವ್ವನ ಗುಂಡಿ ಮುಂದೆ ಅಂದ ಮಾತು ನಾನೂ ಒಂದಿನಾನೂ ಮರ್ತಿಲ್ಲ. ತಪ್ಪಾಯ್ತು ಅಂತ ಬಾಯಲ್ಲಿ ಯೋಳಾಕೆ ಆಗ್ನಿಲ್ಲ, ಅದ್ಕೇ ಚೀಟೀಲಿ ಬರ್ದೆ." ತಲೆಯೆತ್ತಿ ಅಣ್ಣನನ್ನು ನೋಡಿದ. "ಓದಿದ್ ಮ್ಯಾಕೆ ಏನನ್ನಿಸ್ತಣ್ಣಾ?"

ತಮ್ಮನ ಹೆಂಡತಿ ಬಾಗಿಲ ಹಿಂದೆ ಸೆರಗು ಹಿಡಿದು ನಿಂತಿದ್ದಳು. ಆಟೋದಲ್ಲಿ ಹಫೀಜ್ ಹಾಡು ನಿಲ್ಲಿಸಿದ. ಕ್ಷಮೆಯ ಬಗ್ಗೆ ಇಪ್ಪತ್ತೆರಡು ವರ್ಷ ಉಪದೇಶ ಮಾಡಿದ ಮನುಷ್ಯ ಲೋಟ ಕೆಳಗಿಟ್ಟ.

"ಓದ್ನಿಲ್ಲ ಕಣ್ಲಾ. ಅಣೆಗೆ ಬಳ್ಕಂಡೆ. ಊರೋರೆಲ್ಲ ಬಳ್ಕಂಡ್ರು. ಮದ್ವೆ ಯಾವತ್ತು, ಯೋಳು."